ಡೆಂಕಾಲಿ ಇರುವುದು ಎಲ್ಲಿ? ಅಪ್ಪನ ಟ್ರಂಕಿನ ಫ್ಯಾಂಟಮ್ ಮತ್ತು ಅದರ ತಪ್ಪುಗಳು

ಪ್ರಶ್ನೆ: ನಾನು ತುಮಕೂರಿನವನು. ಅಪ್ಪ ತೀರಿಕೊಂಡ ಮೇಲೆ ತಿಪಟೂರಿನ ಹಳೇ ಮನೆಯ ಅಟ್ಟದಿಂದ ಒಂದು ಕಬ್ಬಿಣದ ಟ್ರಂಕ್ ಇಳಿಸಿದೆ. ಒಳಗೆ 118 ಇಂದ್ರಜಾಲ ಕಾಮಿಕ್ಸ್ ಇವೆ. ಮುಕ್ಕಾಲು ಪಾಲು ಕಾಡಿನ ಮುಖವಾಡದ ನಾಯಕ ಫ್ಯಾಂಟಮ್‌ನವು, ಉಳಿದದ್ದು ಜಾದೂಗಾರ ಮ್ಯಾಂಡ್ರೇಕ್, ಬಹಾದ್ದೂರ್. 1967ರಿಂದ 1984ರವರೆಗಿನವು, ನಡುನಡುವೆ ಎಷ್ಟೋ ಸಂಚಿಕೆ ಇಲ್ಲ. ಹಲವು ಪುಸ್ತಕಗಳ ಒಳಪುಟದಲ್ಲಿ ಅಪ್ಪ ಪೆನ್ಸಿಲಿನಲ್ಲಿ ಕೊಂಡ ದಿನಾಂಕ ಬರೆದಿದ್ದಾರೆ. ನಾಲ್ಕು ತಿಂಗಳಿಂದ ಓದುತ್ತಿದ್ದೇನೆ, ಬಿಡಲಾಗುತ್ತಿಲ್ಲ. ಆದರೆ ಓದಿದಷ್ಟೂ ಕಿರಿಕಿರಿ. ಒಂದರಲ್ಲಿ ಕಾಡು ನಮ್ಮ ಕಡೆಯದರಂತಿದೆ, ಹುಲಿ ಬರುತ್ತದೆ. ಇನ್ನೊಂದರಲ್ಲಿ ಅದೇ ಕಾಡು ಆಫ್ರಿಕಾ. ನಾಯಕನ ಮುಖ ಒಂದೊಂದರಲ್ಲಿ ಒಂದೊಂದು. ಮದುವೆಯಾಗಿ ಮಕ್ಕಳಾದವನು ಮುಂದಿನ ಸಂಚಿಕೆಯಲ್ಲಿ ಬ್ರಹ್ಮಚಾರಿ. ಕೆಲವು ಕಥೆಗಳು ನಡುವೆ ದಿಢೀರನೆ ಹಾರುತ್ತವೆ. ಇದೆಲ್ಲಕ್ಕಿಂತ ಹೆಚ್ಚಾಗಿ, ಬಿಳಿಯರ ಮನೆತನವೊಂದು ಕಾಡಿನ ಜನರನ್ನು 400 ವರ್ಷ ನಂಬಿಸಿಕೊಂಡು ಬಂದಿರುವುದು ಓದುವಾಗ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ‘ಅದೆಲ್ಲಾ ಕಸ ಕಣೋ, ಅಪ್ಪನ ನೆನಪಿಗೆ ಇಷ್ಟಪಡ್ತಿದ್ದೀಯ ಅಷ್ಟೆ’ ಅನ್ನುತ್ತಾನೆ ಗೆಳೆಯ. ನನ್ನ ಒಂಬತ್ತು ವರ್ಷದ ಮಗಳೂ ಓದಬೇಕು ಅನ್ನುತ್ತಿದ್ದಾಳೆ. ಇಷ್ಟು ತಪ್ಪಿರುವುದನ್ನು ಇಷ್ಟಪಡುವುದು ಸರಿಯೇ? ಯಾವ ಕ್ರಮದಲ್ಲಿ ಓದಲಿ? ಟ್ರಂಕನ್ನು ಏನು ಮಾಡಲಿ?

ಉತ್ತರ: ನೀವು ಕಂಡ ತಪ್ಪುಗಳೆಲ್ಲ ನಿಜವಾಗಿಯೂ ಅಲ್ಲಿವೆ. ನೀವು ತಪ್ಪಾಗಿ ಓದುತ್ತಿಲ್ಲ. ಆದರೆ ಎಲ್ಲವೂ ಒಂದೇ ಕೈಯ ತಪ್ಪು ಎಂದುಕೊಂಡಿರುವುದರಿಂದ ಗೊಂದಲ ದೊಡ್ಡದಾಗಿದೆ. ನಿಮ್ಮ ಕೈಯಲ್ಲಿರುವ 32 ಪುಟದ ಪುಸ್ತಕಕ್ಕೆ ಕನಿಷ್ಠ ನಾಲ್ಕು ಕೈ ತಗುಲಿವೆ: ಬರೆದವನದು, ಚಿತ್ರ ಬಿಡಿಸಿದವನದು, ದಿನಕ್ಕೊಂದು ತುಣುಕಿನಂತೆ ಅದನ್ನು ಅಚ್ಚು ಹಾಕಿದ ಪತ್ರಿಕೆಯದು, ಕೊನೆಗೆ ಮುಂಬೈಯಲ್ಲಿ ಕತ್ತರಿ ಹಿಡಿದು ಅದನ್ನು ಪುಸ್ತಕವಾಗಿಸಿದ ಸಂಪಾದಕರದು. ಯಾವ ತಪ್ಪು ಯಾರದು ಎಂದು ಬಿಡಿಸಿಕೊಂಡರೆ, ಕೆಲವು ತಪ್ಪುಗಳು ತಪ್ಪಾಗಿಯೇ ಉಳಿಯುವುದಿಲ್ಲ. ಕೆಲವು ಉಳಿಯುತ್ತವೆ, ಅವನ್ನು ಸಮರ್ಥಿಸುವ ಹೊಣೆ ಅಭಿಮಾನಿಗಿಲ್ಲ.

ಬರೆದವನಿಂದಲೇ ಶುರು ಮಾಡೋಣ. ಲೀ ಫಾಕ್ 1934ರಲ್ಲಿ ಮ್ಯಾಂಡ್ರೇಕ್, 1936ರ ಫೆಬ್ರವರಿ 17ರಂದು ಫ್ಯಾಂಟಮ್ ಆರಂಭಿಸಿದರು. ಆಗ ಅವರಿಗೆ 24 ವರ್ಷ. 1999ರ ಮಾರ್ಚ್‌ನಲ್ಲಿ ತೀರಿಕೊಳ್ಳುವವರೆಗೂ ಬರೆಯುತ್ತಲೇ ಇದ್ದರು. ಫ್ಯಾಂಟಮ್ ಒಂದಕ್ಕೇ 63 ವರ್ಷವಾಯಿತು. ಇಷ್ಟು ದೀರ್ಘ ಕಥೆಗೆ ಮೊದಲೇ ನೀಲನಕ್ಷೆಯೊಂದು ಇದ್ದಿರಬೇಕು ಎಂಬುದು ಅಭಿಮಾನಿಗಳಲ್ಲಿ ಬಲವಾಗಿ ಬೇರೂರಿರುವ ನಂಬಿಕೆ. ಅದು ನಿಜವಲ್ಲ. ಮೊದಲ ಕಥೆಯಲ್ಲೇ ಜಿಮ್ಮಿ ವೆಲ್ಸ್ ಎಂಬ ಶ್ರೀಮಂತ ಯುವಕನೇ ರಾತ್ರಿ ಮುಖವಾಡ ತೊಟ್ಟು ಓಡಾಡುವವನು ಎಂದು ತೋರಿಸುವ ಯೋಚನೆ ಅವರಿಗಿತ್ತು. ಕಥೆ ಪತ್ರಿಕೆಯಲ್ಲಿ ಬರುತ್ತಿರುವಾಗಲೇ ಮನಸ್ಸು ಬದಲಾಯಿತು. ನಾಯಕನನ್ನು ಕಾಡಿಗೆ ಒಯ್ದರು, ತಂದೆಯಿಂದ ಮಗನಿಗೆ ಇಳಿದುಬಂದ ಮುಖವಾಡ, ಈಗಿನವನು ಆ ಸಾಲಿನ 21ನೆಯವನು ಎಂಬುದೆಲ್ಲ ಆಗ ಹುಟ್ಟಿತು. ನಿಮ್ಮನ್ನು ಹಿಡಿದಿಟ್ಟಿರುವ ಆ ವಂಶದ ಕಲ್ಪನೆ ನಡುದಾರಿಯ ತಿದ್ದುಪಡಿಯ ಫಲ. ಈ ಸರಣಿಯಲ್ಲಿ ಅತ್ಯುತ್ತಮವಾದದ್ದೂ ಅತ್ಯಂತ ಅಸಂಬದ್ಧವಾದದ್ದೂ ಒಂದೇ ಅಭ್ಯಾಸದಿಂದ ಬಂದಿವೆ. ಒಂದನ್ನು ಉಳಿಸಿಕೊಂಡು ಇನ್ನೊಂದನ್ನು ಕಿತ್ತು ಹಾಕಲು ಆಗುವುದಿಲ್ಲ.

ಹುಲಿಯ ವಿಷಯವೂ ಇಲ್ಲಿಗೇ ಸೇರುತ್ತದೆ. ಆರಂಭದ ಕಥೆಗಳಲ್ಲಿ ಆ ಕಾಡಿನ ಹೆಸರೇ ಬೆಂಗಾಲಿ, ಇರುವುದು ಏಷ್ಯಾದ ಕಡೆ. ಆದ್ದರಿಂದ ಹುಲಿ ಇದೆ, ಸಿಂಗ್ ಎಂಬ ಹೆಸರಿನ ಕಡಲ್ಗಳ್ಳರಿದ್ದಾರೆ. 1960ರ ದಶಕದಲ್ಲಿ ಆಫ್ರಿಕಾದ ದೇಶಗಳು ಒಂದೊಂದಾಗಿ ಸ್ವತಂತ್ರವಾಗುತ್ತಿದ್ದ ಹೊತ್ತಿಗೆ ಕಥೆಯ ದೇಶ ಸ್ಪಷ್ಟವಾಗಿ ಆಫ್ರಿಕಾದ್ದಾಯಿತು. ಲುವಾಗಾ ಎಂಬ ಕಪ್ಪು ಅಧ್ಯಕ್ಷರು ಬಂದರು. ಹಳೆಯ ಹುಲಿಗಳನ್ನು ಯಾರೂ ಹಿಂದಕ್ಕೆ ಹೋಗಿ ಅಳಿಸಲಿಲ್ಲ. ಇಂದ್ರಜಾಲ ಈ ದೇಶಕ್ಕೆ ಡೆಂಕಾಲಿ ಎಂದು ತನ್ನದೇ ಹೆಸರಿಟ್ಟಿತು. ಹಾಗಾಗಿ ಭೂಪಟದಲ್ಲಿ ಡೆಂಕಾಲಿ ಹುಡುಕಬೇಡಿ. ‘ಇದು ಹುಲಿಯಿರುವ ಕಾಲದ ಕಥೆ’, ‘ಇದು ಲುವಾಗಾ ಕಾಲದ ಕಥೆ’ ಎಂದು ಗುರುತಿಸಿಕೊಂಡರೆ ಸಾಕು.

ವಯಸ್ಸಿನ ಲೆಕ್ಕವೂ ಹಾಗೆಯೇ. 1936ರ ಯುವಕ 1977ರ ಡಿಸೆಂಬರಿನಲ್ಲಿ ಪ್ರೇಯಸಿ ಡಯಾನಾಳನ್ನು ಮದುವೆಯಾದ, 1979ರಲ್ಲಿ ಅವಳಿ ಮಕ್ಕಳಾದವು, ಕೂದಲು ಮಾತ್ರ ನರೆಯಲಿಲ್ಲ. ಮದುವೆಯಾದವನು ಮತ್ತೆ ಬ್ರಹ್ಮಚಾರಿಯಾದದ್ದಕ್ಕೆ ಫಾಕ್ ಹೊಣೆಯಲ್ಲ. ಇಂದ್ರಜಾಲ ಮೂಲದ ಕಾಲಕ್ರಮ ಅನುಸರಿಸಲಿಲ್ಲ. 1970ರ ದಶಕದ ಕಥೆಯ ಪಕ್ಕದಲ್ಲೇ 50ರ ದಶಕದ್ದನ್ನು ಅಚ್ಚು ಹಾಕುತ್ತಿತ್ತು. ಸಂಚಿಕೆಯ ಸಂಖ್ಯೆ ಹೇಳುವುದು ಅಚ್ಚಾದ ಕ್ರಮವನ್ನು, ಕಥೆಯ ಕ್ರಮವನ್ನಲ್ಲ.

ಮುಖ ಬದಲಾಗುವುದಕ್ಕೆ ಕಾರಣ ಸರಳ, ಕಲಾವಿದರು ಬದಲಾದರು. ಮೊದಲು ರೇ ಮೂರ್, 1940ರ ದಶಕದಿಂದ 1961ರವರೆಗೆ ವಿಲ್ಸನ್ ಮೆಕಾಯ್, ಅಲ್ಲಿಂದ 1994ರವರೆಗೆ ಸೈ ಬ್ಯಾರಿ. ನಿಮ್ಮ ಟ್ರಂಕಿನಲ್ಲಿರುವ ಹೆಚ್ಚಿನವು ಮೆಕಾಯ್ ಇಲ್ಲವೇ ಬ್ಯಾರಿ ಅವರವಾಗಿರುತ್ತವೆ. ಗುರುತಿಸುವುದು ಕಷ್ಟವಲ್ಲ. ಮೆಕಾಯ್ ಅವರದು ದಪ್ಪ ಗೆರೆ, ಚಪ್ಪಟೆ ಮುಖ, ಹಿನ್ನೆಲೆಯಲ್ಲಿ ಒಂದೆರಡು ಮರ, ಎಲ್ಲರೂ ನೆಟ್ಟಗೆ ನಿಂತಿರುತ್ತಾರೆ. ಬ್ಯಾರಿ ಅವರದು ಕುಂಚದ ಕಪ್ಪು ತುಂಬಿದ ದಟ್ಟ ಕಾಡು, ಮಾಂಸಖಂಡಗಳು ಎದ್ದು ಕಾಣುವ ಮೈ, ಬಟ್ಟೆಯಲ್ಲಿ ಮಡಿಕೆ, ಒಬ್ಬರಂತೆ ಇನ್ನೊಬ್ಬರಿಲ್ಲದ ಮುಖಗಳು. ಬ್ಯಾರಿಯ ಸೊಗಸಿಗೆ ಮನಸೋತವರು ಮೆಕಾಯ್ ಅವರನ್ನು ‘ಚಿತ್ರ ಬಾರದವರು’ ಎಂದು ಬದಿಗಿಡುತ್ತಾರೆ. ಅದು ಅನ್ಯಾಯ ಎಂಬುದು ನನ್ನ ಖಚಿತ ಅಭಿಪ್ರಾಯ. ಮೆಕಾಯ್ ಪುಟವನ್ನು ತೋಳಿನಷ್ಟು ದೂರ ಹಿಡಿದು ನೋಡಿ: ಯಾರು ಎಲ್ಲಿದ್ದಾರೆ, ಯಾರು ಯಾರ ಮೇಲೆ ಬೀಳುತ್ತಿದ್ದಾರೆ ಎಂಬುದು ಮಾತು ಓದದೆಯೇ ತಿಳಿಯುತ್ತದೆ. ಪತ್ರಿಕೆಯ ಒರಟು ಕಾಗದದ ಮೇಲೆ, ಬೆರಳಗಲದ ಚಿತ್ರದಲ್ಲಿ ಕಥೆ ಓಡಿಸಲು ಬೇಕಾದದ್ದೇ ಆ ಗುಣ.

ನಿಮ್ಮ ಜಿಲ್ಲೆಯವರಿಗೆ ಇದು ಹೊಸದೂ ಅಲ್ಲ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ನಾಟಕ ಕಂಪನಿ ದಶಕಗಟ್ಟಲೆ ಊರೂರು ತಿರುಗಿತು. ಪಾತ್ರ ಅದೇ, ನಟ ಬೇರೆ. ನೋಡುವವರು ಈ ನಟ ಈ ಪಾತ್ರವನ್ನು ಹೇಗೆ ಹಿಡಿದ ಎಂದು ನೋಡಿದರು. ಮೂಡಲಪಾಯ ಯಕ್ಷಗಾನದಲ್ಲೂ ಒಂದೂರಿನ ಭಾಗವತರು ಹಿಗ್ಗಿಸಿದ ಸನ್ನಿವೇಶವನ್ನು ಪಕ್ಕದೂರಿನವರು ಎರಡು ಪದದಲ್ಲಿ ಮುಗಿಸಬಹುದು. ಆದರೆ ಈ ಹೋಲಿಕೆಯನ್ನು ಪೂರ್ತಿ ಎಳೆಯಬಾರದು. ಫ್ಯಾಂಟಮ್ ಕಥೆಯೇ ತನ್ನ ದಾಖಲೆಯ ಬಗ್ಗೆ ಹೆಮ್ಮೆಪಡುತ್ತದೆ. ತಲೆಬುರುಡೆ ಗುಹೆಯಲ್ಲಿ ಪ್ರತಿಯೊಬ್ಬ ಫ್ಯಾಂಟಮ್ ಬರೆದಿಟ್ಟ ದಪ್ಪ ದಫ್ತರಗಳ ಸಾಲೇ ಇದೆಯಲ್ಲ. ‘ಎಲ್ಲವನ್ನೂ ಬರೆದಿಟ್ಟಿದ್ದೇವೆ’ ಎಂದು ಹೇಳಿಕೊಳ್ಳುವ ಕಥೆ ತನ್ನ ಲೆಕ್ಕವನ್ನೇ ತಪ್ಪಿದರೆ ಓದುಗನಿಗೆ ಸಿಟ್ಟು ಬರುವುದು ನ್ಯಾಯವೇ. ಆ ಸಿಟ್ಟನ್ನು ನುಂಗಿಕೊಳ್ಳಬೇಕಿಲ್ಲ.

ಈಗ ನಡುವೆ ಹಾರುವ ಕಥೆಗಳು. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ‘ಕಥೆ ಬರೆಯಲು ಬಾರದವನು’ ಎಂದು ಫಾಕ್ ಮೇಲೆ ಹೊರಿಸುವ ದೂರುಗಳಲ್ಲಿ ದೊಡ್ಡ ಪಾಲು ಕತ್ತರಿಗೆ ಸೇರಬೇಕಾದದ್ದು.

ಪತ್ರಿಕೆಯಲ್ಲಿ ದಿನದ ಪಟ್ಟಿ, ಅಂದರೆ ಒಂದು ಸಾಲಿನ ಚಿತ್ರಕಥೆ, ವಾರಕ್ಕೆ ಆರು ದಿನ ಬರುತ್ತಿತ್ತು. ಭಾನುವಾರದ ಬಣ್ಣದ ಪುಟದಲ್ಲಿ 1939ರಿಂದ ಬೇರೆಯದೇ ಕಥೆ. ಒಂದು ದಿನಕ್ಕೆ ಮೂರು ಪ್ಯಾನೆಲ್ (ಚಿತ್ರದ ಚೌಕ) ಎಂದಿಟ್ಟುಕೊಂಡು 16 ವಾರದ ಕಥೆಯೊಂದನ್ನು ಲೆಕ್ಕ ಹಾಕಿ: 96 ದಿನ, 288 ಪ್ಯಾನೆಲ್. ಅದನ್ನು ಪುಟಕ್ಕೆ ಆರರಂತೆ 28 ಪುಟಕ್ಕೆ ಇಳಿಸಿದರೆ ಹಿಡಿಸುವುದು 168. ಉಳಿದ 120 ಎಲ್ಲಿ ಹೋಗಬೇಕು? ಪ್ರತಿ ದಿನದ ಮೊದಲ ಪ್ಯಾನೆಲ್ ಹೆಚ್ಚಾಗಿ ನಿನ್ನೆಯದನ್ನು ನೆನಪಿಸುವುದಕ್ಕೇ ಇರುತ್ತದೆ. ಅಂಥ 96ನ್ನು ತೆಗೆದರೆ ನಷ್ಟವಿಲ್ಲ, ಓಟ ಚುರುಕಾಗುತ್ತದೆ. ಆಮೇಲೂ 24 ಹೆಚ್ಚುವರಿ ಉಳಿಯುತ್ತವೆ. ಅಲ್ಲಿ ಬೀಳುವ ಕತ್ತರಿ ಕಥೆಯ ಮೈಗೇ ಬೀಳುತ್ತದೆ. ಹೊಡೆದಾಟವನ್ನು ಕತ್ತರಿಸುವುದಿಲ್ಲ, ಓದುಗರಿಗೆ ಅದೇ ಬೇಕು. ಹೋಗುವುದು ಇಬ್ಬರು ಕುಳಿತು ಮಾತಾಡುವ ಪ್ಯಾನೆಲ್‌ಗಳು, ಖಳ ಯಾಕೆ ಹಾಗಾದ ಎಂಬ ವಿವರ, ಪ್ರಯಾಣ. ಕಥೆ ಹಾರಿದಂತೆ ಅನ್ನಿಸುವುದು ಅಲ್ಲೇ.

ಕತ್ತರಿಯ ಗುರುತು ಹಿಡಿಯಲು ಮೂರು ಕಡೆ ನೋಡಿ. ಹಿಂದಿನ ಪ್ಯಾನೆಲ್‌ನಲ್ಲಿ ಇಲ್ಲದವನೊಬ್ಬ ಯಾವ ಪರಿಚಯವೂ ಇಲ್ಲದೆ ಬಂದು ನಿಂತಿದ್ದಾನೆಯೇ? ಚಿತ್ರದ ಒಂದು ಅಂಚನ್ನು ಎಳೆದು ಅಗಲ ಮಾಡಿದಂತೆ, ಹಿನ್ನೆಲೆ ಬರಿದಾಗಿ ಕಾಣುತ್ತಿದೆಯೇ? ಮಾತಿನ ಗುಳ್ಳೆಯ ಅಕ್ಷರ ಒಮ್ಮೆಗೇ ಕಿರಿದಾಗಿ ಎರಡು ದಿನದ ಮಾತನ್ನು ಒಂದರಲ್ಲೇ ತುರುಕಿದೆಯೇ? ಇವುಗಳಲ್ಲಿ ಎರಡು ಒಟ್ಟಿಗೆ ಸಿಕ್ಕರೆ ಅಲ್ಲಿ ಏನೋ ತೆಗೆದಿದ್ದಾರೆ ಎಂದೇ ತಿಳಿಯಿರಿ. ಮೂಲದ ಪಟ್ಟಿಗಳನ್ನು ಕತ್ತರಿ ಹಾಕದೆ ಅಮೆರಿಕದ ಹರ್ಮಿಸ್ ಪ್ರೆಸ್ ಸಂಪುಟಗಳಲ್ಲಿ ತಂದಿದೆ. ದುಬಾರಿ. ಎಲ್ಲವನ್ನೂ ಕೊಳ್ಳಬೇಡಿ, ನಿಮಗೆ ಬಹಳ ಹಿಡಿಸಿದ, ಆದರೆ ಅರ್ಧ ಅನ್ನಿಸಿದ ಒಂದು ಕಥೆ ಯಾವ ಸಂಪುಟದಲ್ಲಿದೆಯೋ ಅದೊಂದನ್ನು ತರಿಸಿ ಪಕ್ಕದಲ್ಲಿಟ್ಟು ಓದಿ. ಕತ್ತರಿ ಎಲ್ಲಿ ಕಥೆಯನ್ನು ಕೆಡಿಸಿದೆ, ಎಲ್ಲಿ ನಿಜಕ್ಕೂ ಸುಧಾರಿಸಿದೆ ಎಂದು ಕಣ್ಣಿಗೆ ಕಾಣುತ್ತದೆ. ಸುಧಾರಿಸಿದ್ದೂ ಉಂಟು. ಇಂದ್ರಜಾಲದ ಓಟವೇ ಇಷ್ಟ ಎಂದು ಮೂಲವನ್ನು ಬದಿಗಿಟ್ಟವರ ರುಚಿಯಲ್ಲಿ ದೋಷವಿಲ್ಲ.

ಬಣ್ಣದ ಬಗ್ಗೆ ಒಂದೇ ಮಾತು. ಫ್ಯಾಂಟಮ್ ಉಡುಪಿಗೆ ಫಾಕ್ ಮನಸ್ಸಿನಲ್ಲಿದ್ದದ್ದು ಬೂದು ಬಣ್ಣ, 1939ರ ಭಾನುವಾರದ ಪುಟದಲ್ಲಿ ಅದು ನೇರಳೆಯಾಯಿತು, ಸ್ವೀಡನ್‌ನಲ್ಲಿ ನೀಲಿ, ಇಟಲಿ ಮತ್ತು ಬ್ರೆಜಿಲ್‌ನಲ್ಲಿ ಕೆಂಪು. ನಿಮ್ಮ ಪುಸ್ತಕಗಳ ಬಣ್ಣವನ್ನು ‘ತಪ್ಪು’ ಎನ್ನುವವರ ಜೊತೆ ವಾದಕ್ಕಿಳಿಯಬೇಡಿ.

ಇನ್ನು ಗಂಟಲಲ್ಲಿ ಸಿಕ್ಕಿಕೊಂಡಿರುವ ವಿಷಯ. ಕಾಡಿನ ಜನ ಬಿಳಿಯನೊಬ್ಬನನ್ನು ಸಾವಿಲ್ಲದವನು ಎಂದು ನಂಬಿ ಅವನ ಮಾತಿಗೆ ತಲೆಬಾಗುತ್ತಾರೆ. ಬಂಡಾರ ಎಂಬ ಕಾಡಿನ ಬುಡಕಟ್ಟಿನವರಿಗೆ ಮಾತ್ರ ನಿಜ ಗೊತ್ತು, ಅವರೂ ಅವನ ಕಾವಲಿಗೇ ನಿಂತಿರುತ್ತಾರೆ. ಇದು ಕಥೆಯ ಅಂಚಿನಲ್ಲಿರುವ ಕಲೆಯಲ್ಲ, ಅಡಿಪಾಯವೇ ಇದು. ‘ಆ ಕಾಲ ಹಾಗಿತ್ತು, ಯಾರಿಗೂ ತಪ್ಪು ಅನ್ನಿಸಲಿಲ್ಲ’ ಎಂಬ ಸಮಾಧಾನವನ್ನು ಎಲ್ಲೆಡೆ ಕೇಳುತ್ತೀರಿ. ಅದನ್ನು ಒಪ್ಪಬೇಡಿ. ಪುರಾವೆ ನಿಮ್ಮ ಟ್ರಂಕಿನಲ್ಲೇ ಇದೆ. ಮೂಲದ ಸಿಂಗ್ ಕಡಲ್ಗಳ್ಳರು ಇಂದ್ರಜಾಲದಲ್ಲಿ ‘ಸಿಂಗಾ’ ಆಗಿದ್ದಾರೆ. 20ನೇ ಫ್ಯಾಂಟಮ್‌ನನ್ನು ಬೆನ್ನಿಗೆ ಇರಿದು ಕೊಂದ ರಾಮ ಎಂಬವನು ‘ರಮಾಲು’ ಆಗಿದ್ದಾನೆ. ಏಷ್ಯಾದವರ ಹೆಸರನ್ನು ಖಳರಿಗೆ ಅಂಟಿಸಿದ್ದು ಇಲ್ಲಿನವರಿಗೆ ಸರಿಬರುವುದಿಲ್ಲ ಎಂದು 1960ರ ದಶಕದ ಸಂಪಾದಕರಿಗೆ ತಿಳಿದಿತ್ತು. ನಮ್ಮವರ ಹೆಸರು ಬಂದಲ್ಲಿ ತಿದ್ದಿದರು. ಕಾಡಿನ ಜನರ ಚಿತ್ರಣವನ್ನು ಹಾಗೇ ಬಿಟ್ಟರು. ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ಸಿಗುವ ತಿಳಿವಳಿಕೆ ಯಾವ ಸಮರ್ಥನೆಗಿಂತಲೂ ದೊಡ್ಡದು.

ಫಾಕ್ ನಿಂತಲ್ಲೇ ನಿಂತರು ಎನ್ನುವುದೂ ಸರಿಯಲ್ಲ. ಗುಲಾಮರ ವ್ಯಾಪಾರಿಗಳನ್ನು ಮಟ್ಟ ಹಾಕುವ ಕಥೆಗಳಿವೆ. ಲುವಾಗಾ ಚುನಾಯಿತ ನಾಯಕ, ಅವರನ್ನು ಉರುಳಿಸಲು ಹೊರಟ ಸೇನಾಧಿಕಾರಿಯೇ ಖಳ. ಡಯಾನಾ ಈಜುಕೊಳಕ್ಕೆ ಜಿಗಿಯುವ ಕ್ರೀಡೆಯ ಚಾಂಪಿಯನ್, ವಿಶ್ವಸಂಸ್ಥೆಯಲ್ಲಿ ಕೆಲಸ ಮಾಡುವವಳು. ಆದರೂ ಅಡಿಪಾಯ ಬದಲಾಗಲಿಲ್ಲ. ಮೇಲಿನ ಅಂತಸ್ತಿಗೆ ಕಿಟಕಿಗಳನ್ನು ಇಟ್ಟರು, ಅಷ್ಟೆ. ಎರಡನ್ನೂ ಹೇಳುವುದು ಅಭಿಮಾನಿಯ ಕೆಲಸ. ಇಷ್ಟಪಟ್ಟರೆ ಅದರ ನೋಟವನ್ನೆಲ್ಲ ಒಪ್ಪಿದಂತೆ ಎಂಬ ಮಾತಿಗೆ ಹೆದರಬೇಡಿ. ಒಪ್ಪಿದಂತಾಗುವುದು, ತಪ್ಪನ್ನು ತೋರಿಸಿದವರ ಮೇಲೆ ನೀವು ರೇಗಿದಾಗ ಮಾತ್ರ.

ಓದುವ ಕ್ರಮಕ್ಕೆ ಬರೋಣ. ನೂರು ಪುಟದ ಒಂದು ನೋಟ್‌ಬುಕ್ ತನ್ನಿ. ಪ್ರತಿ ಪುಸ್ತಕಕ್ಕೂ ಒಂದು ಸಾಲು: ಸಂಚಿಕೆ ಸಂಖ್ಯೆ, ಹೆಸರು, ಕಲಾವಿದ, ಮದುವೆಗೆ ಮೊದಲೋ ನಂತರವೋ, ಹುಲಿಯೋ ಲುವಾಗಾನೋ, ಅಪ್ಪ ಬರೆದ ದಿನಾಂಕ. 118 ಪುಸ್ತಕಕ್ಕೆ ಎರಡು ಭಾನುವಾರ ಸಾಕು. 1980ರ ದಶಕದ ಕೆಲವು ಪುಸ್ತಕಗಳಲ್ಲಿ ಸಂಖ್ಯೆಯ ಬದಲು ಸಂಪುಟ, ಸಂಚಿಕೆ ಎಂದಿರುತ್ತದೆ, ಅದನ್ನು ಹಾಗೇ ಬರೆದುಕೊಳ್ಳಿ. ಬಿಟ್ಟುಹೋದವನ್ನು ಹುಡುಕುವಾಗ 123, 124ಕ್ಕಾಗಿ ಅಲೆಯಬೇಡಿ. ಮುಷ್ಕರದಿಂದಾಗಿ ಆ ಎರಡು ಸಂಚಿಕೆ ಅಚ್ಚೇ ಆಗಲಿಲ್ಲ.

ಆಮೇಲೆ ಹಲವು ದಾರಿಗಳಿವೆ. ಕಲಾವಿದರ ಪ್ರಕಾರ ಎರಡು ರಾಶಿ ಮಾಡಿ ಓದಿದರೆ ಮುಖ ಬದಲಾಗುವ ಕಿರಿಕಿರಿ ಆ ದಿನವೇ ನಿಲ್ಲುತ್ತದೆ. ಅಪಾಯವೆಂದರೆ ಬ್ಯಾರಿ ರಾಶಿ ಮುಗಿಸಿ ಮೆಕಾಯ್ ಮುಟ್ಟದೇ ಬಿಡುವುದು. ಅದಕ್ಕೆ ಮೆಕಾಯ್ ಅವರಿಂದಲೇ ಶುರು ಮಾಡಿ. ಕಥೆಯ ಕಾಲದ ಪ್ರಕಾರ ಜೋಡಿಸುವುದು ಎರಡನೆಯದು. 1977ರ ಮದುವೆಯನ್ನು ಗೆರೆಯಾಗಿಟ್ಟುಕೊಂಡು ಆಚೆ ಈಚೆ ಹಾಕಬಹುದು. ಆದರೆ ಎಷ್ಟೋ ಸಂಚಿಕೆ ಇಲ್ಲದ ಸಂಗ್ರಹದಲ್ಲಿ ಇದನ್ನು ಕಟ್ಟುನಿಟ್ಟಾಗಿ ಮಾಡಲು ಹೊರಟವರು ಓದುವುದು ಬಿಟ್ಟು ಬರೀ ಕೊಳ್ಳುವವರಾಗುತ್ತಾರೆ. ಖರ್ಚಿಗೆ ಕೊನೆಯಿಲ್ಲ, ಮತ್ತು ‘ಹಳೆಯದೆಲ್ಲ ಅಪರೂಪ’ ಎಂದು ಹೇಳಿ ನಡುಹಾಳೆ ಇಲ್ಲದ ಪ್ರತಿಯನ್ನು ಮಾರುವವರೂ ಇದ್ದಾರೆ. ಕೊಳ್ಳುವುದೇ ಆದರೆ ನಡುಹಾಳೆ, ಎರಡೂ ಪಿನ್ನು, ಪದಬಂಧ ಅಥವಾ ಜಾಹೀರಾತಿನ ಕೂಪನ್ ಕತ್ತರಿಸಿದೆಯೇ ಎಂಬುದರ ಫೋಟೊ ಕೇಳದೆ ಹಣ ಕಳಿಸಬೇಡಿ.

ನಾನು ನಿಮಗೆ ಹೇಳುವ ಕ್ರಮ ಬೇರೆ. ಅಪ್ಪನ ದಿನಾಂಕಗಳ ಪ್ರಕಾರ ಓದಿ. ತಿಪಟೂರಿನ ಒಬ್ಬ ಓದುಗರಿಗೆ ಈ ಕಥೆ ನಿಜವಾಗಿ ಸಿಕ್ಕ ಕ್ರಮ ಅದೊಂದೇ. ಮಾಸಿಕವಾಗಿ ಶುರುವಾದ ಇಂದ್ರಜಾಲ 1967ರಲ್ಲಿ ಪಾಕ್ಷಿಕವಾಯಿತು, 1981ರಲ್ಲಿ ವಾರಪತ್ರಿಕೆ. ಹದಿನೈದು ದಿನಕ್ಕೊಂದು ಪುಸ್ತಕ ಕೈಗೆ ಬಂದಾಗ ಹಿಂದಿನ ಕಥೆಯ ಹುಲಿ ನೆನಪಿರುವುದಿಲ್ಲ, ಡಯಾನಾಳ ಮದುವೆಯ ಲೆಕ್ಕವೂ ಅಷ್ಟು ಕಾಡುವುದಿಲ್ಲ. ನೀವು 17 ವರ್ಷದ ಓದನ್ನು ನಾಲ್ಕು ತಿಂಗಳಿಗೆ ಅದುಮಿದ್ದೀರಿ. ಅಸಂಬದ್ಧತೆ ಇಷ್ಟು ಎದ್ದು ಕಾಣುವುದಕ್ಕೆ ಅದೂ ಕಾರಣ. ವಾರಕ್ಕೆ ಎರಡಕ್ಕಿಂತ ಹೆಚ್ಚು ಬೇಡ. ಎರಡು ದಿನಾಂಕಗಳ ನಡುವೆ ದೊಡ್ಡ ಅಂತರ ಕಂಡರೆ ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆಯಿರಿ.

ಗೆಳೆಯರ ಮಾತಿಗೂ ಉತ್ತರ ಇಲ್ಲೇ ಇದೆ. ಅಪ್ಪನ ನೆನಪು ಒಂದು ಕಾರಣವಾಗಿದ್ದರೆ ನಾಚಿಕೆ ಏನಿದೆ? ಅದೊಂದೇ ಕಾರಣವೋ ಅಲ್ಲವೋ ಎಂದು ತಿಳಿಯಲು ಅಪ್ಪನ ದಿನಾಂಕವಿಲ್ಲದ, ನಿಮಗೆ ಯಾವ ನೆನಪೂ ಅಂಟಿರದ ಹತ್ತು ಪುಸ್ತಕ ಓದಿ. ಅವುಗಳಲ್ಲಿ ಎರಡನ್ನಾದರೂ ಮತ್ತೆ ಓದಬೇಕು ಅನ್ನಿಸಿದರೆ ಹಿಡಿದಿಟ್ಟಿರುವುದು ಕಥೆಯೇ.

ಮಗಳಿಗೆ ಟ್ರಂಕನ್ನೇ ಒಪ್ಪಿಸಬೇಡಿ, ಬೀಗವನ್ನೂ ಹಾಕಬೇಡಿ. ಮೊದಲ ಐದಾರನ್ನು ಪಕ್ಕದಲ್ಲಿ ಕುಳಿತು ಓದಿ. ಹಿಂದಿನ ತಲೆಮಾರಿನ ಫ್ಯಾಂಟಮ್‌ಗಳ ಕಡಲ ಕಥೆಗಳು, ಗುಹೆಯಲ್ಲಿ ಬೆಳೆಯುವ ಅನಾಥ ಹುಡುಗ ರೆಕ್ಸ್ ಬರುವ ಕಥೆಗಳು ಒಂಬತ್ತು ವರ್ಷಕ್ಕೆ ಹಿಡಿಸುತ್ತವೆ. ಬಂಡಾರರನ್ನು ‘ಪಿಗ್ಮಿ’ ಎಂದು ಕರೆದಲ್ಲಿ ಒಂದು ಕ್ಷಣ ನಿಂತು, ಅದು ಇನ್ನೊಬ್ಬರು ಇಟ್ಟ ಹೆಸರು, ಕುಳ್ಳಗಿರುವವರನ್ನು ಹಂಗಿಸಲು ಬಳಸುವುದೂ ಉಂಟು ಎಂದಷ್ಟೇ ಹೇಳಿ. ಪ್ರತಿ ಪುಟಕ್ಕೂ ಪಾಠ ಮಾಡಿದರೆ ಅವಳು ಪುಸ್ತಕವನ್ನೂ ಬಿಡುತ್ತಾಳೆ, ನಿಮ್ಮ ಮಾತನ್ನೂ ಬಿಡುತ್ತಾಳೆ. ಕಥೆ ಮುಗಿದ ಮೇಲೆ ಒಂದು ಪ್ರಶ್ನೆ ಸಾಕು: ‘ಇದೇ ಕಥೆಯನ್ನ ಗುರಾನ್ ಹೇಳಿದ್ರೆ ಹೇಗೆ ಹೇಳ್ತಿದ್ದ?’ ಗುರಾನ್ ಬಂಡಾರರ ನಾಯಕ, ಫ್ಯಾಂಟಮ್‌ನ ಬಾಲ್ಯದ ಗೆಳೆಯ. ಮಕ್ಕಳಿಗೆ ಅವನ ಬಾಯಲ್ಲಿ ಮಾತಿಡುವುದು ಕಷ್ಟವಾಗುವುದಿಲ್ಲ.

ಕೊನೆಗೆ ಟ್ರಂಕ್. ಅಗ್ಗದ ಕಾಗದದಲ್ಲಿರುವ ಮರದ ಅಂಶವೇ ಬೆಳಕು, ಗಾಳಿ ತಾಗಿ ಹಳದಿಯಾಗುತ್ತದೆ, ಹುಳಿಯಾಗಿ ಪುಟ ಮುರಿಯುತ್ತದೆ. ಹಿಂದಕ್ಕೆ ತರಲಾಗದು, ನಿಧಾನಗೊಳಿಸಬಹುದು. ಹರಿದಲ್ಲಿ ಸೆಲ್ಲೋಟೇಪ್ ಹಾಕಬೇಡಿ. ಅಂಟು ಕಂದಾಗಿ ಚಿತ್ರವನ್ನೇ ತಿನ್ನುತ್ತದೆ. ಲ್ಯಾಮಿನೇಷನ್ ಬೇಡವೇ ಬೇಡ. ತುಕ್ಕು ಹಿಡಿದ ಪಿನ್ನನ್ನು ಒಳಗಿನ ಕಡೆಯಿಂದ ಮೊಂಡು ಚಾಕುವಿನಲ್ಲಿ ಬಿಡಿಸಿ, ಅದೇ ತೂತಿನಲ್ಲಿ ಬಿಳಿ ಹತ್ತಿ ದಾರ ಪೋಣಿಸಿ ಸಡಿಲವಾಗಿ ಕಟ್ಟಿ. ಬೆಳ್ಳಿಹುಳ ಕಂಡರೆ ಆ ಪುಸ್ತಕಗಳನ್ನು ಜಿಪ್ ಚೀಲದಲ್ಲಿ ಗಾಳಿ ತೆಗೆದು ಮುಚ್ಚಿ, ಫ್ರೀಜರಿನಲ್ಲಿ ಮೈನಸ್ 18 ಡಿಗ್ರಿಯಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ, ಬಿಚ್ಚಿದರೆ ತೇವ ಪುಟದ ಮೇಲೆ ಕೂರುತ್ತದೆ. ನುಸಿಗುಳಿಗೆ ಕಾಗದಕ್ಕೆ ತಾಗಬಾರದು, ಮಗಳು ಓಡಾಡುವ ಮನೆಯಲ್ಲಿ ಅದಿಲ್ಲದಿದ್ದರೇ ಒಳ್ಳೆಯದು. ಪಿ.ವಿ.ಸಿ. ಬದಲು ಪಾಲಿಪ್ರೊಪಿಲೀನ್ ಲಕೋಟೆ ಕೇಳಿ ತನ್ನಿ. ಮಲಗಿಸಿ ಜೋಡಿಸಿ, ಒಂದು ರಾಶಿಗೆ 20 ಸಾಕು. ಟ್ರಂಕನ್ನು ನೆಲದಿಂದಲೂ ಗೋಡೆಯಿಂದಲೂ ನಾಲ್ಕು ಇಂಚು ದೂರ ಇಟ್ಟರೆ ಗೆದ್ದಲಿನ ದಾರಿ ಕಣ್ಣಿಗೆ ಬೀಳುತ್ತದೆ. ಅಟ್ಟಕ್ಕೆ ಮಾತ್ರ ಮತ್ತೆ ಏರಿಸಬೇಡಿ, ಹಗಲಿನ ಕಾವು ಮೊದಲು ಅಲ್ಲಿಗೇ ಸೇರುವುದು. ಪೆನ್ಸಿಲಿನ ದಿನಾಂಕಗಳನ್ನು ರಬ್ಬರಿನಿಂದ ‘ಸ್ವಚ್ಛ’ ಮಾಡಿಕೊಡುತ್ತೇವೆ ಎನ್ನುವವರ ಕೈಗೆ ಒಂದು ಪುಸ್ತಕವನ್ನೂ ಕೊಡಬೇಡಿ.